ಹನ್ನೊಂದು ತುಂಡು ಸರೋವರ

ನಮ್ಮ ಗರಾಜಿನ ದೊಡ್ಡ ಫ್ರೀಜರಿನಲ್ಲಿ ಆಗ ಎಡಗಡೆ ಮೀನು, ಬಲಗಡೆ ಸರೋವರ. ಮೀನು ನನ್ನದು, ಸರೋವರ ಮಗಳದು.

ಅವಳು ಇಲ್ಲಿಯ ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಾಳೆ. ಏಪ್ರಿಲಿನಲ್ಲಿ ಅಲಾಸ್ಕಾದ ಉತ್ತರಕ್ಕೆ ಹೋಗಿ, ಹೆಪ್ಪುಗಟ್ಟಿದ ಒಂದು ಸರೋವರದ ಮೇಲೆ ನಿಂತು, ಯಂತ್ರದಿಂದ ಕೊರೆದು, ತೋಳುದ್ದದ ಮಂಜುಗಡ್ಡೆಯ ಕಂಬಗಳನ್ನು ತಂದಿದ್ದಳು. ಒಟ್ಟು ಹನ್ನೊಂದು. ಸೆಪ್ಟೆಂಬರಿನಲ್ಲಿ ಅವಳ ಲ್ಯಾಬಿನ ಶೀತಲ ಕೋಣೆ ಕೆಟ್ಟುಹೋಯಿತು. "ಎರಡು ವಾರ ಅಷ್ಟೇ ಅಮ್ಮ, ಪ್ಲೀಸ್," ಎಂದು ಸರಟೋಗಾದ ನಮ್ಮ ಮನೆಗೆ ಹೊತ್ತು ತಂದಳು. ಪ್ರತಿಯೊಂದಕ್ಕೂ ದಪ್ಪ ಪ್ಲಾಸ್ಟಿಕ್ಕಿನ ಚೀಲ, ಚೀಲದ ಮೇಲೆ ಕಪ್ಪು ಶಾಯಿಯಲ್ಲಿ ಅಂಕೆ.

ಬಂಗುಡೆ ತೆಗೆಯಲು ಹೋದಾಗಲೆಲ್ಲ ನಾನು ಒಂದು ಕಂಬವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಗಾಜಿನಂಥ ಮಂಜಿನೊಳಗೆ ಚಪ್ಪಟೆಯಾದ ಬಿಳಿ ಗುಳ್ಳೆಗಳು, ಹಪ್ಪಳ ಜೋಡಿಸಿಟ್ಟ ಹಾಗೆ ಒಂದರ ಮೇಲೊಂದು. ಸಾವಿರಾರು ವರ್ಷ ಹೆಪ್ಪುಗಟ್ಟಿದ್ದ ನೆಲ ಸರೋವರದ ತಳದಲ್ಲಿ ಈಗ ಕರಗುತ್ತಿದೆಯಂತೆ. ಅದರೊಳಗಿನ ಹಳೆಯ ಹುಲ್ಲು ಬೇರು ಕೊಳೆತು ಬಿಡುವ ಅನಿಲವೇ ಆ ಗುಳ್ಳೆ. "ಫ್ರೀಜರ್ ಪ್ಲಗ್ ತೆಗೆದ ಹಾಗೆ ಅಮ್ಮ. ಒಳಗಿದ್ದದ್ದೆಲ್ಲ ಕೊಳೀತಾ ಇದೆ." ಅವಳು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ್ದಳು. ಅವಳ ಗೆಳತಿ ಮಂಜಿಗೊಂದು ತೂತು ಮಾಡಿ ಕಡ್ಡಿ ಗೀರಿದಳು. ಬಿಳಿಯ ಸರೋವರದಿಂದ ಆಳೆತ್ತರದ ಬೆಂಕಿ ಭುಗಿಲೆಂದು ಎದ್ದು ಅವಳ ಟೊಪ್ಪಿಯ ಅಂಚನ್ನು ಸುಟ್ಟಿತು.

ಅದಕ್ಕೂ ಮೊದಲೇ, ಜೂನಿನಲ್ಲಿ ಮಗಳು ಮತ್ತೆ ಅಲ್ಲಿಗೆ ಹೋಗಿದ್ದಾಗ ಆ ಸರೋವರ ಸತ್ತಿತು. ದಂಡೆಯ ಮಣ್ಣಿನೊಳಗಿನ ಮಂಜು ಕರಗಿ, ದಂಡೆ ಸೀಳಿ, ಇಡೀ ನೀರು ಒಂದೇ ದಿನದಲ್ಲಿ ಹೊರಗೆ ನುಗ್ಗಿತು. ಅವಳು ಗುಡ್ಡದ ಮೇಲಿನಿಂದ ಫೋನು ಮಾಡಿದಾಗ ಅವಳ ಮಾತಿಗಿಂತ ಹಿಂದಿನ ಮೊರೆತವೇ ನನಗೆ ಹೆಚ್ಚು ಕೇಳಿಸಿತ್ತು. ದೊಡ್ಡ ದೊಡ್ಡ ಮರಗಳನ್ನು ಬೇರುಸಹಿತ ಕಿತ್ತುಕೊಂಡು ಹೋಯಿತಂತೆ. ಕೊನೆಗೆ ಉಳಿದದ್ದು ಕೆಸರು, ಕೆಸರಿನಲ್ಲಿ ಬಾಲ ಬಡಿಯುತ್ತಿದ್ದ ಮೀನು, ಅವುಗಳ ಕಣ್ಣು ಕುಕ್ಕುತ್ತಿದ್ದ ಹಕ್ಕಿಗಳು. ಹಾಗಾಗಿ ಭೂಮಿಯ ಮೇಲೆ ಆ ಸರೋವರದ್ದೆಂದು ಉಳಿದದ್ದು ನಮ್ಮ ಗರಾಜಿನ ಹನ್ನೊಂದು ತುಂಡು. ಅವುಗಳ ಮೇಲೆ ಅವಳ ಮೂರು ವರ್ಷದ ಕೆಲಸ ನಿಂತಿತ್ತು. ಇದೆಲ್ಲ ನನಗೆ ಗೊತ್ತಿತ್ತು. ಅದನ್ನು ಮೊದಲೇ ಹೇಳಿಬಿಡಬೇಕು.

ನನ್ನ ಗಂಡನ ಅಣ್ಣ, ನನ್ನ ಭಾವ, ಇರುವುದು ಅರ್ಧ ಗಂಟೆ ದಾರಿಯ ಮಾರ್ಗನ್ ಹಿಲ್‌ನಲ್ಲಿ. ಮಂಗಳೂರಿನ ದಕ್ಕೆಯ ಪಕ್ಕದಲ್ಲಿ, ಮೀನಿನ ದೋಣಿಗಳು ಬಂದು ನಿಲ್ಲುವಲ್ಲಿ ಹುಟ್ಟಿ ಬೆಳೆದವರು. ಇಲ್ಲಿ ಎಂಜಿನಿಯರಾಗಿ ನಿವೃತ್ತರಾದ ಮೇಲೆ ವಾರಕ್ಕೊಮ್ಮೆ ಬಾಡಿಗೆ ದೋಣಿಯಲ್ಲಿ ಸಮುದ್ರಕ್ಕೆ ಹೋಗುತ್ತಾರೆ. ಆ ಸೆಪ್ಟೆಂಬರಿನ ಒಂದು ಶನಿವಾರ ನನ್ನ ಗಂಡ ಊರಿನಲ್ಲಿರಲಿಲ್ಲ, ಮಗಳು ಲೈಬ್ರರಿಗೆ ಹೋಗಿದ್ದಳು. ಬಿಸಿಲು ಕೆಂಡದಂತಿತ್ತು. ಭಾವ ಎರಡು ದೊಡ್ಡ ಪೆಟ್ಟಿಗೆ ಮೀನಿನೊಂದಿಗೆ ಬಂದರು. ನಮ್ಮ ಪಾಲು ಕೊಟ್ಟು, ಊಟ ಮಾಡಿ, ಉಳಿದದ್ದನ್ನು ಮನೆಗೆ ಒಯ್ಯುವ ಯೋಚನೆ. ದಾರಿಯಲ್ಲೇ ಅವರ ಐಸು ಕರಗಿ ನೀರಾಗಿತ್ತು. ನಾನು ಅಡುಗೆಮನೆಯಲ್ಲಿ ಮೀನುಸಾರಿಗೆ ತೆಂಗಿನತುರಿ ಹುರಿಯುತ್ತಿದ್ದೆ.

ಧಡ್ ಎಂದು ಸದ್ದಾಯಿತು. ಮತ್ತೊಮ್ಮೆ ಧಡ್. ಸೌಟು ಹಿಡಿದೇ ಗರಾಜಿಗೆ ಓಡಿದೆ.

ಭಾವ ಡ್ರೈವ್‌ವೇಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಮುಂದೆ ಒಂದು ಗೋಣಿಚೀಲ, ಕೈಯಲ್ಲಿ ನಮ್ಮದೇ ಸುತ್ತಿಗೆ. ದಕ್ಕೆಯಲ್ಲಿ ಹಾಗೇ ಮಾಡುವುದು. ಐಸಿನ ಗಡ್ಡೆಯನ್ನು ಗೋಣಿಯಲ್ಲಿ ಸುತ್ತಿ ಜಜ್ಜಿ, ಒಂದು ಪದರ ಮೀನು, ಒಂದು ಪದರ ಐಸು. ಅವರ ಕೈಗೆ ಅದು ಉಸಿರಾಡಿದಷ್ಟು ಸಲೀಸು. ಹರಿದ ಎರಡು ಪ್ಲಾಸ್ಟಿಕ್ ಚೀಲಗಳು ಹುಲ್ಲಿನ ಮೇಲೆ ಬಿದ್ದಿದ್ದವು. ಮೂರನೆಯ ಕಂಬ ಗೋಣಿಯೊಳಗೆ ಹೋಗುತ್ತಿತ್ತು.

"ಭಾವ, ಅದು... ಮಗಳದ್ದು," ಎಂದೆ. ನನ್ನ ಸ್ವರ ನನಗೇ ಸರಿಯಾಗಿ ಕೇಳಿಸಲಿಲ್ಲ.

"ಎಂತ, ಐಸಲ್ವಾ ಇದು?"

"ಐಸೇ. ಆದರೆ..."

"ಐಸಂದ್ರೆ ಐಸೇ ಮಾರಾಯ್ತಿ. ಅವಳಿಗೆ ಬೇಕಾದ್ರೆ ಬರುವಾಗ ನಾಲ್ಕು ಚೀಲ ತಂದು ಹಾಕುವ. ಒಳಗೆ ಎಂತದೋ ಸೀಯುವ ವಾಸನೆ ಬರ್ತಾ ಉಂಟು, ಹೋಗಿ ನೋಡು. ಮೀನಿನ ಕೆಲಸ ನಂಗೆ ಬಿಡು."

ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರು ಸ್ವರ ಎತ್ತುವ ಕ್ರಮವಿಲ್ಲ. ಕಾನ್ವೆಂಟಿನ ಸಿಸ್ಟರುಗಳೂ ಅದನ್ನೇ ಬೇರೆ ಭಾಷೆಯಲ್ಲಿ ಕಲಿಸಿದ್ದರು, ಕೇಳಿದರೆ ಮಾತ್ರ ಉತ್ತರಿಸು ಎಂದು. ಎರಡು ಪಾಠಗಳೂ ನನ್ನ ಮೈಯಲ್ಲಿ ಚೆನ್ನಾಗಿ ಕೂತಿವೆ. ನಾನು ಒಳಗೆ ಹೋದೆ.

ತೆಂಗಿನತುರಿ ಸೀದಿರಲಿಲ್ಲ.

ಒಲೆಯ ಮುಂದೆ ನಿಂತು ಕೇಳಿಸಿಕೊಂಡೆ. ಪ್ರತಿ ಏಟಿನ ಹಿಂದೆ ಒಂದು ಸಣ್ಣ ಸದ್ದು ಬರುತ್ತಿತ್ತು, ಪಟಪಟ ಎಂದು, ಬಿಸಿ ಎಣ್ಣೆಗೆ ಸಾಸಿವೆ ಹಾಕಿದಂತೆ. ಗುಳ್ಳೆಗಳು ಒಡೆಯುತ್ತಿದ್ದವು. ಯಾರೂ ನೋಡದ ಕಾಲದ ಹುಲ್ಲಿನ ಉಸಿರು ಸರಟೋಗಾದ ಬಿಸಿಲಿಗೆ ಸೇರಿ ಹೋಗುತ್ತಿತ್ತು. ನಾನು ತುರಿಯನ್ನು ಹೊಂಬಣ್ಣ ಬರುವವರೆಗೆ ಕೈಯಾಡಿಸಿದೆ.

ಆಮೇಲೆ ಕಾರಿನ ಬಾಗಿಲು ಬಡಿದ ಸದ್ದು.

ನಾನು ಹೊರಗೆ ಬರುವಷ್ಟರಲ್ಲಿ ಮಗಳು ಸುತ್ತಿಗೆಯನ್ನು ಭಾವನ ಕೈಯಿಂದ ಕಿತ್ತಾಗಿತ್ತು. ಅದನ್ನು ಎರಡೂ ಕೈಯಲ್ಲಿ ಎತ್ತಿ ಮೀನಿನ ಪೆಟ್ಟಿಗೆಗೆ ಹೊಡೆದಳು. ಮುಚ್ಚಳ ಸೀಳಿತು. ಮತ್ತೆ ಹೊಡೆದಳು. ಮೀನಿನ ತಲೆಗಳು ಜಜ್ಜಿಹೋದವು, ಕರುಳು ಹಾರಿ ಗರಾಜಿನ ಬಾಗಿಲಿಗೆ ಅಂಟಿತು, ಹುರುಪೆಗಳು ಅವಳ ಕೆನ್ನೆಯ ಮೇಲೆ ಮಿನುಗಿದವು. ಕಿವಿರಿನ ರಕ್ತದಲ್ಲಿ ನೆನೆದ ಮಂಜಿನ ಚೂರುಗಳು ಕಾಂಕ್ರೀಟಿನ ಮೇಲೆ ಉರುಳಿ ಹೊಗೆಯಾಡಿದವು.

"ಹುಚ್ಚು ಹಿಡಿದಿದಾ ನಿಂಗೆ? ಒಂದು ಮಣ ಮೀನು!"

"ಮೀನಾ? ಮೀನಾ, ದೊಡ್ಡಪ್ಪ? ಯು ಕಿಲ್ಡ್ ಇಟ್!"

ಅವಳು ಸುತ್ತಿಗೆಯನ್ನು ಮತ್ತೆ ಎತ್ತಿದಳು. ಈ ಬಾರಿ ಅದು ಯಾವ ಕಡೆಗೆ ಇಳಿಯುತ್ತಿತ್ತೋ ನನಗೆ ಗೊತ್ತಿಲ್ಲ. ಭಾವ ಅವಳ ಜಡೆ ಹಿಡಿದೆಳೆದು ಕೆನ್ನೆಗೆ ಬಾರಿಸಿದರು. ಸುತ್ತಿಗೆ ಬಿತ್ತು. ಅವಳ ತುಟಿ ಒಡೆದು ಹಲ್ಲು ಕೆಂಪಾಯಿತು. ಅವರು ಜಡೆ ಬಿಡದೆ ಮತ್ತೆ ಕೈ ಎತ್ತಿದರು.

ನಾನು ಕೈಯಲ್ಲೇ ಇದ್ದ ಸೌಟಿನಿಂದ ಅವರ ಮಣಿಕಟ್ಟಿಗೆ ಹೊಡೆದೆ. ಉಕ್ಕಿನ ದಪ್ಪ ಸೌಟು, ಒಲೆಯ ಬಿಸಿ ಇನ್ನೂ ಆರದ್ದು. ಅವರು ಬಿಡಲಿಲ್ಲ. ಮತ್ತೆ ಹೊಡೆದೆ, ಅದೇ ಜಾಗಕ್ಕೆ. ಮೂರನೆಯ ಏಟಿಗೆ ಒಳಗೆ ಏನೋ ಲಟಕ್ಕೆಂದಿತು. ನಾಚಿಕೆಯಿಲ್ಲದೆ ಬರೆಯುತ್ತೇನೆ, ಆ ಸದ್ದು ಕೇಳಿ ನನಗೆ ಹಿತವಾಯಿತು.

ಭಾವ ಮೆಟ್ಟಿಲ ಮೇಲೆ ಕುಸಿದು ಕೈಯನ್ನು ಎದೆಗೊತ್ತಿಕೊಂಡರು. ನೋವಿಗಿಂತ ಬೆರಗೇ ಅವರ ಮುಖದಲ್ಲಿ ಹೆಚ್ಚಿತ್ತು.

"ಈಗ ಇಷ್ಟು ಬಲ ಉಂಟಲ್ಲ ನಿಂಗೆ," ಎಂದರು, ಏದುಸಿರು ಬಿಡುತ್ತ. "ಆಗ ಒಂದು ಮಾತು ಗಟ್ಟಿಯಾಗಿ ಹೇಳ್ಬಾರ್ದಿತ್ತಾ? ಮುಟ್ಬೇಡಿ ಅಂತ ಹೇಳಿದ್ರೆ ನಾನು ಮುಟ್ತಿದ್ನಾ? ಒಳಗೆ ಹೋದಿಯಲ್ಲ ನೀನು!"

ಮಗಳು ತುಟಿ ಒರೆಸಿಕೊಳ್ಳುತ್ತಿದ್ದವಳು ನಿಲ್ಲಿಸಿ ನನ್ನತ್ತ ತಿರುಗಿದಳು.

"ನೀನು ನೋಡಿದ್ಯಾ?"

"ನೋಡಿದೆ."

"ಎಷ್ಟು ಹೋಗಿತ್ತು ಆಗ?"

"ಎರಡು. ಮೂರನೆಯದು ಗೋಣಿಗೆ ಹೋಗ್ತಾ ಇತ್ತು."

ಅವಳು ನನಗೆ ಹೊಡೆದಿದ್ದರೆ ಸುಲಭವಾಗುತ್ತಿತ್ತು. ಫ್ರೀಜರಿನ ಹತ್ತಿರ ಹೋಗಿ ನೋಡಿದಳು. ನಾಲ್ಕು ಉಳಿದಿದ್ದವು, ಎಲ್ಲವೂ ದಂಡೆಯ ಬಳಿ ಕೊರೆದವು. ನಡುಭಾಗದ, ಗುಳ್ಳೆ ದಟ್ಟವಾಗಿದ್ದ ಏಳೂ ಹೋಗಿದ್ದವು. ನಾನು ಮಂಡಿಯೂರಿ ಮೀನಿನ ನಡುವಿನಿಂದ ದೊಡ್ಡ ಚೂರುಗಳನ್ನು ಆರಿಸತೊಡಗಿದೆ. "ಬಿಡು," ಎಂದಳು. "ಗಾಳಿ ಹೋದ್ಮೇಲೆ ಅದು ಬರೀ ನೀರು."

ಭಾವನನ್ನು ಆಸ್ಪತ್ರೆಗೆ ಕರೆದೊಯ್ಯಲು ಅವರ ಹೆಂಡತಿ ಮಾರ್ಗನ್ ಹಿಲ್‌ನಿಂದ ಬಂದರು. ಉಳಿದ ನಾಲ್ಕನ್ನು ನಮ್ಮ ಮನೆಯಲ್ಲಿ ಇಡಲು ಮಗಳು ಒಪ್ಪಲಿಲ್ಲ. ಅವನ್ನು ಐಸುಪೆಟ್ಟಿಗೆಗೆ ತುಂಬಿ ವಿಶ್ವವಿದ್ಯಾಲಯಕ್ಕೆ ಹೊರಟೆವು, ಫ್ರೀವೇಯಲ್ಲಿ ಕಾರು ನಾನೇ ಓಡಿಸಿದೆ. ಅವಳು ಹಿಂದೆ ಪೆಟ್ಟಿಗೆಯನ್ನು ಅಪ್ಪಿಕೊಂಡು ಕೂತಿದ್ದಳು.

ಅವಳ ಪ್ರೊಫೆಸರು ನನ್ನ ವಯಸ್ಸಿನ ಹೆಂಗಸು. ಬೇರೊಬ್ಬರ ಲ್ಯಾಬಿನ ಫ್ರೀಜರಿನಲ್ಲಿ ಜಾಗ ಮಾಡಿ, ನಾಲ್ಕನ್ನೂ ಇಟ್ಟು, ಮಗಳ ತುಟಿ ನೋಡಿ, ಏನಾಯಿತು ಎಂದು ಕೇಳಿದರು.

"ಆಕ್ಸಿಡೆಂಟ್," ಎಂದಳು ಮಗಳು.

"ಅಲ್ಲ," ಎಂದೆ ನಾನು, ಯಾರೂ ನನ್ನನ್ನು ಕೇಳದಿದ್ದರೂ. ಗಟ್ಟಿಯಾಗಿಯೇ ಬಂತು. ಕಾರಿಡಾರಿನಲ್ಲಿ ಹೋಗುತ್ತಿದ್ದ ಒಬ್ಬರು ತಿರುಗಿ ನೋಡಿದರು. "ನನಗೆ ಗೊತ್ತಿತ್ತು. ಎದುರಿಗೇ ನಡೆಯುತ್ತಿತ್ತು. ನಾನು ತಡೆಯದೆ ಒಳಗೆ ಹೋದೆ. ಇವಳ ತಪ್ಪೇನೂ ಇಲ್ಲ, ಹಾಗೆಯೇ ಬರೆದುಕೊಳ್ಳಿ."

ಅವರು ಬರೆದುಕೊಂಡರು. ನಾಲ್ಕರಿಂದ ಏನನ್ನೂ ಸಾಧಿಸಿ ತೋರಿಸಲಾಗದು ಎಂದು ಮೆಲ್ಲಗೆ ಹೇಳಿದರು. ಬೇರೆ ಸರೋವರ ಹುಡುಕಬೇಕು, ಇನ್ನೆರಡು ಚಳಿಗಾಲ ಬೇಕು, ಅಲ್ಲಿಯವರೆಗೆ ಅದರ ದಂಡೆ ನಿಲ್ಲಬೇಕು.

ಕಾರಿನ ಹತ್ತಿರ ಬಂದಾಗ ಮಗಳು ಕೀಲಿಕೈಗಾಗಿ ಕೈ ಚಾಚಿದಳು.

"ನಾನು ಓಡಿಸ್ತೀನಿ. ನೀನು ಹಿಂದೆ ಕೂತ್ಕೋ."

ಮುಂದಿನ ಸೀಟು ಖಾಲಿಯೇ ಇತ್ತು. ನಾನು ಹಿಂದೆ ಕೂತೆ.