ಮೆಹಕರದ ನೇರ ಗೆರೆ

ಭಾಲ್ಕಿ ಬಸ್ ನಿಲ್ದಾಣದ ಎದುರಿನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ನಾನು ಸಂಬಳಕ್ಕಿದ್ದೇನೆ. ಡಿಪ್ಲೊಮಾ ಓದಿದ್ದೇನೆಂದು ಗಿರಾಕಿಗಳಿಗೆ ಹೇಳುವುದಿಲ್ಲ; ಹೇಳಿದರೆ ಸ್ಕ್ರೀನ್‌ಗಾರ್ಡ್ ಅಡಿಯಲ್ಲಿ ಗುಳ್ಳೆ ಉಳಿದಾಗ ಇನ್ನೂ ಹೆಚ್ಚು ಬೈಯುತ್ತಾರೆ. ಭೂಕಂಪದ ವಿಜ್ಞಾನಕ್ಕೆ ನನ್ನ ಕೊಡುಗೆ ಗಾಜು ಒಡೆದ ಮೂರು ಹಳೆಯ ಫೋನುಗಳು.

ಅವನ್ನು ಕೇಳಿಕೊಂಡು ಬಂದವಳು ಆಮ್ರಪಾಲಿ, ಬೀದರಿನಲ್ಲಿ ಇಂಜಿನಿಯರಿಂಗ್ ಓದುವ ಮೆಹಕರದ ಹುಡುಗಿ. ಫೋನನ್ನು ಅಡ್ಡ ಹಿಡಿದರೆ ಚಿತ್ರವೂ ಅಡ್ಡ ತಿರುಗುತ್ತದಲ್ಲ, ಅದನ್ನು ತಿಳಿಯುವ ಚಿಪ್ ನೆಲದ ನಡುಕವನ್ನೂ ತಿಳಿಯುತ್ತದೆ. ಆ ನಡುಕವನ್ನು ಕಂಪ್ಯೂಟರಿನಲ್ಲಿ ಗೆರೆಯಾಗಿ ತೋರಿಸುವ ಪ್ರೋಗ್ರಾಂ ಅನ್ನು ಅವಳೂ ಅವಳ ಸಹಪಾಠಿ ಒವೈಸನೂ ಬರೆದಿದ್ದರು. ಒಂದು ಫೋನು ಬೀದರಿನ ಅವಳ ರೂಮಿನಲ್ಲಿ, ಒಂದು ಔರಾದಿನ ಒವೈಸನ ಮನೆಯಲ್ಲಿ, ಇನ್ನೊಂದು ಮೆಹಕರದಲ್ಲಿ ಅವಳ ಅಜ್ಜಿ ಶಾಲುಬಾಯಿಯ ಹತ್ತಿರ. ಮೂರೂ ಒಟ್ಟಿಗೆ ನಡುಗಿದರೆ ಭೂಕಂಪ.

ನಾನು ಬರೆಯಹೊರಟಿದ್ದು ಈ ಶಾಲುಬಾಯಿಯ ಬಗ್ಗೆ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಪರರ ಹೊಲದಲ್ಲಿ ತೊಗರಿ ಕೊಯ್ದು ಮಗ ಪಂಢರಿಯನ್ನು ಓದಿಸಿದಳು. ಅವನ ಮಗಳೇ ಆಮ್ರಪಾಲಿ. ತೊಂಬತ್ತಮೂರರ ಕಿಲ್ಲಾರಿ ಭೂಕಂಪದ ನಸುಕಿನಲ್ಲಿ ಅವರ ಹಿತ್ತಲ ಗೋಡೆ ಕುಸಿದಿತ್ತು. ಶಾಲುಬಾಯಿ ಮಗನನ್ನು ಹೊರಗೆಳೆದು ನಿಲ್ಲಿಸಿ, ಮತ್ತೆ ಒಳಹೊಕ್ಕು ಬಾಬಾಸಾಹೇಬರ ಫೋಟೋ ತಂದಿದ್ದಳಂತೆ. ಗಾಜು ಸೀಳಿದ ಆ ಫೋಟೋ ಈಗಲೂ ಪಡಸಾಲೆಯ ಗೋಡೆಯ ಹಲಗೆಯ ಮೇಲೆ, ಬುದ್ಧನ ಮೂರ್ತಿಯ ಪಕ್ಕದಲ್ಲಿದೆ. ಮನೆಯಲ್ಲಿ ಬೆಲೆಯುಳ್ಳದ್ದೆಲ್ಲ ಸೇರುವುದು ಆ ಹಲಗೆಗೆ.

ಫೋನನ್ನು ಪಡಸಾಲೆಯ ಮೂಲೆಯಲ್ಲಿ ನೆಲಕ್ಕೆ ಅಂಟಿಸಿದವನು ನಾನೇ. "ಮುಟ್ಟಬ್ಯಾಡ್ರಿ" ಎಂದು ತಜ್ಞನಂತೆ ಹೇಳಿ, ಯಾಕೆಂದು ಹೇಳದೆ ಬಂದಿದ್ದೆ.

ಕೆಲವು ವಾರಗಳಲ್ಲಿ ಮೆಹಕರದ ಗೆರೆ ದಿನಾ ಮುಂಜಾನೆ ಕುಣಿಯತೊಡಗಿತು. ಬೀದರ, ಔರಾದಿನ ಗೆರೆಗಳು ತಣ್ಣಗಿದ್ದವು.

"ಭೂಕಂಪಕ್ಕೂ ಡ್ಯೂಟಿ ಟೈಮ್ ಇರ್ತದೇನು?" ಎಂದ ಒವೈಸ.

ಮೂವರೂ ಮೆಹಕರಕ್ಕೆ ಹೋದೆವು. ಫೋನು ನೆಲದ ಮೇಲಿರಲಿಲ್ಲ. ಹಲಗೆಯ ಮೇಲೆ, ಬಾಬಾಸಾಹೇಬರ ಪಕ್ಕದಲ್ಲಿ, ಒಂದು ಚೆಂಡುಹೂ ಇಟ್ಟುಕೊಂಡು ಕೂತಿತ್ತು. ಆ ಗೋಡೆಯ ಆಚೆ ಅಡುಗೆಮನೆ. ಶಾಲುಬಾಯಿ ಜೋಳದ ರೊಟ್ಟಿ ಬಡಿದಾಗಲೆಲ್ಲ ಹಲಗೆ ನಡುಗುತ್ತಿತ್ತು.

"ಆಯಿ, ಇದನ್ನ ಮುಟ್ಟು ಅಂತ ನಿನಗ ಯಾರು ಹೇಳಿದ್ರು?" ಎಂದು ಆಮ್ರಪಾಲಿ ಅಜ್ಜಿಯ ಮೇಲೆ ರೇಗಿದಳು.

"ನೆಲದ ಮ್ಯಾಲ ಇತ್ತವಾ. ನಾವು ತಿರುಗಾಡೋ ಜಾಗಾ. ವಿದ್ಯಾದ ವಸ್ತು ಕಾಲಾಗ ಬರಬಾರದು ಅಂತ ಎತ್ತಿ ಇಟ್ಟೀನಿ."

"ತಿಳೀಲಿಲ್ಲಂದ್ರ ಸುಮ್ಮಕ ಇರಬೇಕು. ನಿನ್ನ ರೊಟ್ಟಿ ಸಪ್ಪಳಕ್ಕ ಗೆರಿ ಕುಣದು ನಮ್ಮ ಕೆಲಸ ಎಲ್ಲಾ ಹಾಳಾತು."

ಒವೈಸ ಸೂರಿನ ಜಂತಿ ಎಣಿಸತೊಡಗಿದ. ನಾನು ಫೋನಿನ ಮೇಲಿಲ್ಲದ ಧೂಳನ್ನು ಊದಿದೆ. ಶಾಲುಬಾಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಮಗೆಲ್ಲ ಚಹಾ ಕೊಟ್ಟಳು. ತಾನು ಕುಡಿಯಲಿಲ್ಲ.

ಫೋನು ಮತ್ತೆ ನೆಲಕ್ಕಿಳಿಯಿತು. ಮರುದಿನದಿಂದ ಮೆಹಕರದ ಗೆರೆ ದಾರ ಎಳೆದಂತೆ ನೇರವಾಯಿತು. ಪ್ರೋಗ್ರಾಂನಲ್ಲಿ ತಾನು ಸೇರಿಸಿದ, ಬೇಡದ ನಡುಕ ಸೋಸುವ ಫಿಲ್ಟರಿನ ಕರಾಮತ್ತು ಇದು ಎಂದು ಒವೈಸ ಹಿಗ್ಗಿದ.

ಕಾಲೇಜಿನಲ್ಲಿ ಈ ಪ್ರಾಜೆಕ್ಟಿನ ಪರೀಕ್ಷೆಯ ಹಿಂದಿನ ದಿನ ಫೋನು ತರಲು ಆಮ್ರಪಾಲಿಯನ್ನು ಬೈಕಿನ ಮೇಲೆ ಕರೆದೊಯ್ದೆ. ಹಲ್ಲು ಕಟಕಟ ಅನ್ನುವ ಚಳಿ. ಮನೆಯಲ್ಲಿ ಯಾರೂ ಇರಲಿಲ್ಲ. ದನದ ಕೊಟ್ಟಿಗೆಯ ಹಿಂದಿನಿಂದ ಹೊಗೆ ಬರುತ್ತಿತ್ತು. ಮೂರು ಕಲ್ಲು ಹೂಡಿ, ಗಾಳಿಗೆ ಒಂದು ತಗಡು ಒರಗಿಸಿ, ಶಾಲುಬಾಯಿ ಬಯಲಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬೆರಳುಗಳು ಒಡೆದಿದ್ದವು. ಹಿಟ್ಟು ಬಿರುಕುಗಳೊಳಗೆ ಕೂತಿತ್ತು.

"ಇಲ್ಲ್ಯಾಕ, ಆಯಿ?"

"ಒಳಗ ಸಪ್ಪಳಾಗ್ತದಲ್ಲವಾ. ಈಗ ಗೆರಿ ನೆಟ್ಟಗ ಬರ್ತದೇನು?"

"ಹೂಂ," ಎಂದಳು ಆಮ್ರಪಾಲಿ. ಒಳಗೆ ಹೋಗಿ ಫೋನನ್ನು ನೆಲದಿಂದ ಬಿಡಿಸಿಕೊಂಡು ಬಂದಳು.

ಪರೀಕ್ಷೆಗೆ ನಾನೂ ಇಸ್ತ್ರಿ ಅಂಗಿ ತೊಟ್ಟು ಬೀದರಿಗೆ ಹೋದೆ. ಅವರ ಭಿತ್ತಿಪತ್ರದ ಕೆಳಗೆ 'ಸಲಕರಣೆ ನೆರವು: ಸಂತೋಷಕುಮಾರ' ಎಂದು ನನ್ನ ಹೆಸರಿತ್ತು, ಅದನ್ನು ಯಾರಾದರೂ ಓದುವಾಗ ಪಕ್ಕದಲ್ಲಿರೋಣ ಎಂಬ ಆಸೆ. ಯಾರೂ ಓದಲಿಲ್ಲ. ಪರೀಕ್ಷಕರು ಮೆಹಕರದ ಗೆರೆಯ ಮೇಲೆ ಬೆರಳಿಟ್ಟರು.

"ಹಳ್ಳಿ ಮನಿ ಅಂತೀರಿ. ಜನ ಓಡಾಡ್ತಾರ. ಇಷ್ಟು ನೇರ ಹ್ಯಾಂಗ ಬಂತು? ಭಾಳ ಛಲೋ ಅದ."

"ನಮ್ಮ ಪ್ರೋಗ್ರಾಂನ ಫಿಲ್ಟರ್, ಸರ್," ಎಂದ ಒವೈಸ.

"ಫಿಲ್ಟರ್ ಅಲ್ರಿ," ಎಂದಳು ಆಮ್ರಪಾಲಿ. "ನಮ್ಮ ಆಯಿ ಚಳ್ಯಾಗ ಹೊರಗ ಕೂತು ರೊಟ್ಟಿ ಬಡೀತಾಳ್ರಿ. ನಾ ಬೈದೀನಂತ."

ಹಿಂದೆ ಯಾರೋ ನಕ್ಕು ನಿಲ್ಲಿಸಿದರು. ಪರೀಕ್ಷಕರು ಕನ್ನಡಕ ತೆಗೆದರು. "ಹಂಗಾದ್ರ ಈ ಗೆರಿ ನಿಮ್ಮ ಪ್ರೋಗ್ರಾಂದಲ್ಲ. ಅಜ್ಜಿ ಮಾಡಿದ್ದು. ರೊಟ್ಟಿ ಯಾವುದು, ಭೂಮಿ ಯಾವುದು ಅಂತ ಅದಕ್ಕ ತಿಳೀಬೇಕು. ಕಲಿಸಿ ಮತ್ತ ತೋರಸ್ರಿ."

"ಒಂದ ಮಾತ ನುಂಗಿದ್ರ ಮುಗೀತಿತ್ತಲ್ಲ," ಎಂದ ಒವೈಸ ಹೊರಗೆ ಬಂದು.

"ನಿನ್ನೆ ನುಂಗೀನಿ," ಎಂದಳು ಆಮ್ರಪಾಲಿ.

ಭಾನುವಾರ ಮತ್ತೆ ಮೆಹಕರ. ಫೋನನ್ನು ಮೂಲೆಗೆ ಅಂಟಿಸಿದೆ; ಈ ಸಲ ಯಾಕೆಂಬುದನ್ನೂ ಹೇಳಿದೆ. ಆಮ್ರಪಾಲಿ ತಗಡನ್ನು ತಾನೇ ಎತ್ತಿಟ್ಟು, ಅಜ್ಜಿಯನ್ನು ಒಳಗಿನ ಒಲೆಯ ಮುಂದೆ ಕೂರಿಸಿ, ಲ್ಯಾಪ್‌ಟಾಪ್ ತೆರೆದಳು.

"ಜೋರ ಬಡಿ, ಆಯಿ. ಮಷೀನು ನಿನ್ನ ಕೈ ಗುರ್ತು ಹಿಡೀಬೇಕು."

"ಆತವಾ."

ಶಾಲುಬಾಯಿಯ ಕೈ ಮೇಲೆದ್ದಿತು. ಇಳಿಯುವಾಗ ಹಿಟ್ಟಿನ ಮೇಲೆ ಒಂದಿಷ್ಟು ನಿಂತು, ಮಲಗಿದ ಕೂಸನ್ನು ತಟ್ಟುವಂತೆ ಇಳಿಯಿತು. ಗೆರೆ ಕದಲಲಿಲ್ಲ.

"ಇನ್ನ ಜೋರ, ಆಯಿ."

"ಆತವಾ," ಎಂದಳು, ಮೂಲೆಯ ಫೋನಿನತ್ತ ನೋಡಿ. ಕೈ ಮತ್ತೆ ಹಾಗೆಯೇ ಇಳಿಯಿತು.

ಮೆಲ್ಲಗೆ ಬಡಿದ ರೊಟ್ಟಿ ಹರಡುವುದಿಲ್ಲ. ದಪ್ಪಗಾಗಿ, ನಡುವೆ ಹಸಿ ಉಳಿದಿತ್ತು. ಆಮ್ರಪಾಲಿ ತಲೆ ಎತ್ತದೆ ತಿಂದು ಮುಗಿಸಿ ಇನ್ನೊಂದು ಕೇಳಿದಳು. ಅದೂ ಹಸಿಯೇ ಇತ್ತು.