ತಣ್ಣೀರು ಮೊದಲು

ದಕ್ಷಿಣ ಧ್ರುವದ ಕಡೆಗಿನ ಕಡಲಿನಲ್ಲಿ ಒಂದು ಗಡಿಯಿದೆ. ಉತ್ತರದ ಬೆಚ್ಚನೆಯ ನೀರು, ಧ್ರುವದಿಂದ ಬಂದ ಕೊರೆಯುವ ನೀರು ಅಲ್ಲಿ ಮುಖಾಮುಖಿಯಾಗುತ್ತವೆ. ಅವು ಹೇಗೆ ಬೆರೆಯುತ್ತವೆ ಎಂದು ನೋಡಲು ಹೋದ ಹಡಗಿನಲ್ಲಿ ನಾನೂ ಇದ್ದೆ. ಮುಳಬಾಗಿಲು ಕಡೆಯವಳು, ಕೆರೆಗಿಂತ ದೊಡ್ಡ ನೀರು ಕಾಣದೆ ಬೆಳೆದವಳು. ಮೊದಲ ವಾರವೆಲ್ಲ ವಾಂತಿ ಮಾಡಿಕೊಂಡೇ ಕಳೆದೆ.

ತಂತಿಗೆ ಕಟ್ಟಿದ ಉಪಕರಣವನ್ನು ಆಳಕ್ಕೆ ಇಳಿಬಿಟ್ಟು, ನೀರಿನ ಬಿಸಿ ಎಷ್ಟು, ಉಪ್ಪು ಎಷ್ಟು ಎಂದು ಅದು ಪರದೆಯ ಮೇಲೆ ಎಳೆಯುವ ಗೆರೆಗಳನ್ನು ನೋಡುತ್ತ ಕೂರುವುದು ನನ್ನ ಕೆಲಸ. ಗಡಿ ಸಿಕ್ಕಿದ ಬೆಳಿಗ್ಗೆ ಗೆರೆ ಥಟ್ಟನೆ ಬಾಗಿತು. ತಣ್ಣೀರು ಬೆಚ್ಚನೆಯ ನೀರಿನ ಅಡಿಗೆ ನುಗ್ಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ನಮ್ಮನೆ ಬಚ್ಚಲು ನೆನಪಾಯಿತು.

ಭಾನುವಾರದ ಎಣ್ಣೆನೀರು ಅಜ್ಜಿಯ ಇಲಾಖೆ. ಬಕೆಟ್ಟಿಗೆ ಮೊದಲು ತಣ್ಣೀರು, ಅದರ ಮೇಲೆ ಹಂಡೆಯ ಬಿಸಿನೀರು. ತಿರುವುಮುರುವಾದರೆ ಅದು ಹೆಣಕ್ಕೆ ಹಾಕುವ ನೀರು, ಬದುಕಿರುವವರ ಮೈಗೆ ಸೋಕಬಾರದು. ಆಮೇಲೆ ಮೊಣಕೈವರೆಗೂ ಕೈ ಅದ್ದಿ ತಳದಿಂದ ಕಲಕುವಳು. ಕಲಕದಿದ್ದರೆ ಮೇಲೆ ಸುಡುತ್ತದೆ, ಕೆಳಗೆ ಕೊರೆಯುತ್ತದೆ. ಪಾಪ, ಕಡಲಿಗೆ ಅಂಥ ಅಜ್ಜಿಯಿಲ್ಲ. ಗಾಳಿ, ಅಲೆ ಸೇರಿ ನಿಧಾನಕ್ಕೆ ಆ ಕೆಲಸ ಮಾಡಬೇಕು.

ನಾನು ಹೊರಡುವಾಗ ಅಜ್ಜಿ ಹಾಸಿಗೆ ಹಿಡಿದಿದ್ದಳು.

“ಹೋಗ್ಬಾರೇ. ಬಂದ್ಮೇಲೆ ನಾನೇ ನೀರು ಹಾಕ್ತೀನಿ. ಆ ಉಪ್ಪೆಲ್ಲಾ ತೊಳೀಬೇಕಲ್ಲ,” ಎಂದಳು.

ಹಡಗಿನಲ್ಲಿದ್ದಷ್ಟು ದಿನ ನನಗಿದ್ದುದು ಒಂದೇ ಭಯ. ನಾನು ವಾಪಸಾಗುವಷ್ಟರಲ್ಲಿ ಅವಳಿರುತ್ತಾಳೋ ಇಲ್ಲವೋ. ಫೋನು ಸಿಕ್ಕಾಗಲೆಲ್ಲ ಅಮ್ಮನನ್ನು ಮೊದಲು ಕೇಳುತ್ತಿದ್ದುದು ಅದನ್ನೇ.

ಇದ್ದಳು. ಬಚ್ಚಲ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಪ್ರಯಾಣದ ಸುಸ್ತಿನಲ್ಲಿ ನಾನು ಖಾಲಿ ಬಕೆಟ್ಟಿಗೆ ಗೀಸರಿನ ನಲ್ಲಿ ತಿರುಗಿಸಿಬಿಟ್ಟೆ. ಹಬೆ ಎದ್ದಿದ್ದೇ ತಡ, ಅವಳಿಗೆ ಎಲ್ಲಿಲ್ಲದ ಶಕ್ತಿ ಬಂತು.

“ಲೇ! ಸಮುದ್ರ ಎಲ್ಲಾ ಸುತ್ತಿ ಇದೇನಾ ಕಲ್ತಿದ್ದು? ಚೆಲ್ಲೇ ಅದನ್ನ! ಅದು ನನ್ ಪಾಲಿಂದು ಕಣೇ, ಇನ್ನೂ ಟೈಮಿದೆ.”

ಚೆಲ್ಲಿದೆ. ತಣ್ಣೀರು ಹಿಡಿದು ಮೇಲೆ ಬಿಸಿನೀರು ಸುರಿದೆ. ಅವಳು ಕುರ್ಚಿಯಿಂದಲೇ ಬಗ್ಗಿ, ಕೈ ಅದ್ದಿ ಕಲಕಿದಳು. ನಡುಗುವ ಕೈಯಿಂದ ಚೊಂಬಿನ ಅರ್ಧ ನೀರು ಅವಳ ಸೀರೆಗೇ ಬಿತ್ತು. ಉಳಿದರ್ಧ ನನ್ನ ತಲೆ ಮೇಲೆ. ಅಷ್ಟು ಸುಖವನ್ನು ನಾನು ಮತ್ತೆ ಕಂಡಿಲ್ಲ.

ಮಾವಿನಕಾಯಿ ಲಾರಿಗಳು ಓಡಾಡುವ ಕಾಲಕ್ಕೆ ಅವಳು ಹೋದಳು. ಶ್ರೀನಿವಾಸಪುರದಿಂದ ಬಂದ ಅತ್ತೆ, ಅಜ್ಜಿಯ ಮಗಳು, ನನ್ನ ಕೈಗೆ ಬಕೆಟ್ ಕೊಟ್ಟರು. “ಬಿಸ್ನೀರು ಮೊದ್ಲು ಕಣಮ್ಮಾ,” ಎಂದು ನೆನಪಿಸಿದರು. ತಲೆಯಾಡಿಸಿದೆ.

ಬಚ್ಚಲಿಗೆ ಹೋಗಿ ತಣ್ಣೀರಿನ ನಲ್ಲಿ ತಿರುಗಿಸಿದೆ. ಅದರ ಮೇಲೆ ಬಿಸಿನೀರು ಸುರಿದು, ಮೊಣಕೈವರೆಗೂ ಕೈ ಅದ್ದಿ, ಹದವಾಗುವ ತನಕ ತಳದಿಂದ ಕಲಕಿದೆ. ತಲೆಯೆತ್ತಿದರೆ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಎಲ್ಲವನ್ನೂ ನೋಡಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒಳಗೆ ಬಂದು, ಬಕೆಟ್ಟಿನ ಇನ್ನೊಂದು ಕಡೆ ಹಿಡಿದರು.