ಯಜಮಾನಿಕೆ ಬಿಟ್ಟು ಹೊಳೆ ದಾಟಿದವರು

1954ರಲ್ಲಿ ನಾನು ಬಂಟ್ವಾಳ ಪೇಟೆಯಲ್ಲಿ ವಕೀಲನೆಂದು ಬೋರ್ಡು ಹಾಕಿ ಕುಳಿತಿದ್ದೆ. ನಮ್ಮ ಜಿಲ್ಲೆ ಆಗ ಮದ್ರಾಸಿಗೆ ಸೇರಿತ್ತು. ಬೋರ್ಡು ಹೊಸದು, ಕೋಟು ಹೊಸದು, ಕಕ್ಷಿದಾರರು ಮಾತ್ರ ಅಪರೂಪ. ಬಂದವರಲ್ಲಿ ಹೆಚ್ಚಿನವರದು ಅಳಿಯಸಂತಾನದ ತಕರಾರು. ಈಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆ ಕಟ್ಟಿನಲ್ಲಿ ಮನೆತನ ಸಾಗುವುದು ಹೆಣ್ಣಿನ ಮೂಲಕ. ಗಂಡಸು ತನ್ನ ತಾಯಿಯ ಮನೆಗೆ ಸೇರಿದವನು, ಅಲ್ಲಿ ಅಕ್ಕತಂಗಿಯರ ಮಕ್ಕಳನ್ನು ಸಾಕುವವನು. ಅವನ ಸ್ವಂತ ಮಕ್ಕಳು ಅವರ ತಾಯಿಯ ಮನೆಯವರು. ಹಾಗಾಗಿ ಮನೆತನದ ಆಡಳಿತ ನೋಡುವ ಎಷ್ಟೋ ಯಜಮಾನರು ಕತ್ತಲಾದ ಮೇಲೆ ಹೆಂಡತಿಯ ಮನೆಗೆ ಹೋಗಿ, ಬೆಳಗಾಗುವಾಗ ತಮ್ಮ ಮನೆಗೆ ಹಿಂದೆ ಬರುತ್ತಿದ್ದರು.

ತ್ಯಾಂಪಣ್ಣ ಶೆಟ್ರು ಅಂಥ ಯಜಮಾನರು. ನೇತ್ರಾವತಿಯ ಈಚೆ ದಡದಲ್ಲಿ ಅವರ ಮನೆ, ಆಚೆ ದಡದಲ್ಲಿ ಹೆಂಡತಿ ರುಕ್ಕಮ್ಮನ ಮನೆ, ನಡುವೆ ದೋಣಿ. ವೇಷವಿಲ್ಲದೆ ಕುಳಿತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯಲ್ಲಿ ಅವರದು ದೊಡ್ಡ ಹೆಸರು. ಕುಳಿತಲ್ಲೇ ಷಟ್ಪದಿ ಕಟ್ಟುತ್ತಾರೆಂದು ಊರಿಗೆಲ್ಲ ಗೊತ್ತಿತ್ತು. ಆ ವರ್ಷ ಮಳೆ ಬಿಟ್ಟ ಮೇಲೆ ಒಂದು ಮಧ್ಯಾಹ್ನ ಅವರು ನನ್ನ ಆಫೀಸಿಗೆ ಬಂದರು. ಮಾತೆಲ್ಲ ತುಳುವಿನಲ್ಲಿ ನಡೆಯಿತು. ಕಾಗದದ ವಿಷಯಕ್ಕೆ ಬಂದಾಗ ಮಾತ್ರ ಅವರು ಕನ್ನಡಕ್ಕೆ ಹೊರಳಿದರು.

"ಯಜಮಾನಿಕೆ ಬಿಡ್ತೇನೆ ವಕೀಲರೇ. ಅದಕ್ಕೊಂದು ಕಾಗದ ಮಾಡಿಕೊಡಿ."

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಯಜಮಾನಿಕೆ ಬೇಕೆಂದು ಕೋರ್ಟಿನ ಮೆಟ್ಟಿಲು ಸವೆಸಿದವರನ್ನು ಕಂಡಿದ್ದೆ, ಬೇಡವೆಂದು ಬಂದವರನ್ನು ಕಂಡಿರಲಿಲ್ಲ. ಕಾರಣ ಕೇಳಿದೆ.

"ಆಟಿ ತಿಂಗಳ ಮಳೆಗೆ ಹೊಳೆ ತುಂಬಿ ದೋಣಿ ನಿಂತಿತ್ತು. ಮಳೆ ಸ್ವಲ್ಪ ಬಿಟ್ಟಾಗ ಆಚೆ ದಡದಲ್ಲಿ ಹೊಗೆ ಕಂಡಿತು. ಚಿತೆ ಅಂತ ಗೊತ್ತಾಯಿತು, ಯಾರದ್ದು ಅಂತ ಗೊತ್ತಾಗಲಿಲ್ಲ. ಕೂಗಿದೆ. ಆ ನೀರಿನ ಸದ್ದಿಗೆ ಯಾರಿಗೆ ಕೇಳ್ತದೆ? ನೀರಿಳಿದು ದೋಣಿ ಬಿಟ್ಟ ಮೇಲೆ ತಿಳಿಯಿತು, ತೀರಿಹೋದದ್ದು ರುಕ್ಕುವಿನ ಅಣ್ಣ ಅಂತ. ಅಲ್ಲಿಯವರೆಗೆ ಹೆಂಡತಿ ಉಂಟಾ ಇಲ್ಲವಾ ಅಂತ ಗೊತ್ತಿಲ್ಲದೆ ಇಲ್ಲಿ ಗದ್ದೆ ಕೆಲಸ ನೋಡಿಕೊಂಡಿದ್ದೆ. ಇನ್ನು ನನ್ನಿಂದ ಆಗುವುದಿಲ್ಲ."

ಪರಿಣಾಮಗಳನ್ನು ತಿಳಿಸುವುದು ವಕೀಲನ ಕೆಲಸ, ತಿಳಿಸಿದೆ. ರುಕ್ಕಮ್ಮನ ಅಣ್ಣ ತೀರಿಹೋದದ್ದರಿಂದ ಆ ಮನೆಯ ಯಜಮಾನಿಕೆ ಶೆಟ್ರ ಮಗ ವಿಠಲನಿಗೆ ಬಂದಿತ್ತು. ಈಚೆ ದಡದಲ್ಲಿ ಹತ್ತಾರು ಜನರಿಗೆ ಅಪ್ಪಣೆ ಕೊಟ್ಟವರು ಆಚೆ ದಡದಲ್ಲಿ ಸ್ವಂತ ಮಗನ ಮನೆಯ ನೆಂಟರಾಗಬೇಕು. ದೈವದ ಕೋಣೆಯ ಬೀಗದ ಕೈಯನ್ನು ಒಮ್ಮೆ ಅಕ್ಕನ ಮಗನಿಗೆ ಕೊಟ್ಟರೆ ಮತ್ತೆ ಕೇಳುವಂತಿಲ್ಲ. ಹೋಗುವುದೇ ಆದರೆ ಜೀವ ಇರುವಷ್ಟು ಕಾಲ ಅನುಭವಿಸಲು ಆಸ್ತಿಯಲ್ಲಿ ಒಂದು ಪಾಲು ಕೇಳುವ ದಾರಿ ಕಾನೂನಿನಲ್ಲಿತ್ತು. ದಾವೆ ಹಾಕುವ ಎಂದೆ. ನನ್ನ ಹೊಸ ಕೋಟಿಗೂ ಒಂದು ಕೆಲಸ ಬೇಕಿತ್ತು ನೋಡಿ.

"ದಾವೆ ಹಾಕಿದರೆ ಅಕ್ಕನನ್ನು ಪ್ರತಿವಾದಿ ಅಂತ ಬರೀಬೇಕಲ್ಲ," ಎಂದರು ಶೆಟ್ರು. "ಬೇಡ. ಹೋಗುವುದು ನನ್ನ ಆಸೆಗೆ. ಅವಳದ್ದೇನು ತಪ್ಪು?"

ಕಾಗದ ಸಿದ್ಧ ಮಾಡಿ ಅವರ ಮನೆಗೇ ಹೋದೆ. ಅಕ್ಕ ಕಲ್ಯಾಣಿಯಮ್ಮ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಆ ಮನೆಯನ್ನು ನಿಲ್ಲಿಸಿದ್ದು ಅವರು ಮತ್ತು ಈ ತಮ್ಮ. ಚಾವಡಿಯಲ್ಲಿ ನಾನು ಓದಿ ಹೇಳಿದ್ದನ್ನು ತಲೆ ಎತ್ತದೆ ಕೇಳಿ ಹೆಬ್ಬೆಟ್ಟು ಒತ್ತಿದರು.

"ನಿನಗೆ ಬೇಸರ ಉಂಟಾ ಅಕ್ಕ?" ಶೆಟ್ರು ಕೇಳಿದರು.

"ಉಂಟು. ಹಾಗಂತ ನಿನ್ನನ್ನು ಕಟ್ಟಿ ಹಾಕಲಿಕ್ಕೆ ಆಗ್ತದಾ? ಊಟ ಮಾಡಿ ಹೋಗು."

ಅಂದು ನನಗೂ ಎಲೆ ಹಾಕಿದರು. ಸಾರು ರುಚಿಯಾಗಿತ್ತು.

ಮರುವರ್ಷ ಆ ಮನೆಯ ದೈವದ ನೇಮಕ್ಕೆ, ಅಂದರೆ ಭೂತಕೋಲಕ್ಕೆ, ನನಗೂ ಆಮಂತ್ರಣ ಬಂದಿತ್ತು. ಶೆಟ್ರು ಬಂದು ಅಂಗಳದ ಅಂಚಿನಲ್ಲಿ ನೆಂಟರ ಜೊತೆ ನಿಂತಿದ್ದರು. ದೈವ ಮೊದಲು ಕರೆಯುವುದು ಮನೆಯ ಯಜಮಾನನನ್ನು. ಕರೆ ಬಂದಾಗ ಶೆಟ್ರು ಅಭ್ಯಾಸಬಲದಿಂದ ಮುಂದೆ ಕಾಲಿಟ್ಟರು. ಅಕ್ಕನ ಮಗ ಬರುತ್ತಿರುವುದನ್ನು ಕಂಡು ಹಿಂದೆ ಸರಿದು, ಹೆಗಲಿನ ಶಾಲನ್ನು ಸರಿಪಡಿಸಿಕೊಂಡರು. ಯಜಮಾನಿಕೆ ಬಿಡುವ ಕಾಗದ ಬರೆದ ಕೈ ನನ್ನದೇ ತಾನೇ.

ಮುಂದೆ ಅರವತ್ತರ ದಶಕದ ಮೊದಲಲ್ಲಿ, ಬೇರೊಂದು ಕೇಸಿನ ಜಾಗ ನೋಡಲು ಹೊಳೆಯಾಚೆ ಹೋದವನು ಅವರನ್ನು ಕಂಡು ಬರುವ ಎಂದುಕೊಂಡೆ. ಸುಡು ಮಧ್ಯಾಹ್ನ. ಶೆಟ್ರು ಜಗಲಿಯಲ್ಲಿ ಕುಳಿತಿದ್ದರು, ಪಕ್ಕದಲ್ಲಿ ರುಕ್ಕಮ್ಮ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ಗಂಡನ ಎಲೆಗೆ ಸುಣ್ಣ ಎಷ್ಟು ಬೇಕೆಂದು ಆಕೆ ಕೇಳಲಿಲ್ಲ. ನನಗೆ ಬೆಲ್ಲ ನೀರು ತರಲು ಆಕೆ ಒಳಗೆ ಹೋದಾಗ ಶೆಟ್ರು ಹೊಳೆಯ ಕಡೆ ಗಲ್ಲ ಎತ್ತಿ ತೋರಿಸಿದರು. ಎದುರು ದಡದ ಅಂಗಳದಲ್ಲಿ ಯಾರೋ ಭತ್ತ ಒಣಹಾಕುತ್ತಿದ್ದರು.

"ಅಕ್ಕ," ಎಂದರು. "ಬೆನ್ನು ಬಾಗಿದೆ. ಇಲ್ಲಿಂದ ದಿನಾ ಕಾಣ್ತದೆ."

ಮತ್ತೆ ರಾಗ ಎಳೆಯದೆ, ಮಾತಿನಂತೆಯೇ ಹೇಳಿದರು:

ಎರಡು ದಡವೂ ನನ್ನದೆಂದೆನು
ಇರುವುದೊಂದೇ ದೋಣಿಯೆಂದರು
ಮರಳಿ ನೋಡಲು ಬಿಟ್ಟು ಬಂದಿಹ ದಡವೆ ಮನೆಯಾಯ್ತು

ನಾನು ಕೇಳಿದೆ, "ಹಿಂದೆ ಹೋಗುವ ಮನಸ್ಸುಂಟಾ ಶೆಟ್ರೇ? ನಿಮ್ಮ ಅಕ್ಕನ ಮಗನ ಹತ್ತಿರ ನಾನು ಮಾತಾಡ್ತೇನೆ."

"ಬೇಡ ಮಾರಾಯ್ರೆ. ಅಲ್ಲಿ ಹೋಗಿ ಕೂತರೆ ಇವಳು ಕಾಣ್ತಾಳೆ, ಹೊಳೆಯ ಈಚೆ. ನಾನು ಬೇಕು ಅಂತ ಬಂದದ್ದು ಇಲ್ಲಿಗೆ."

"ಷಟ್ಪದಿ ಅರ್ಧಕ್ಕೇ ನಿಂತಿತಲ್ಲ, ಇನ್ನು ಮೂರು ಸಾಲು?"

"ಅದನ್ನು ಕಟ್ಟಲಿಕ್ಕೆ ಆ ದಡದಲ್ಲೇ ಉಳಿದ ತ್ಯಾಂಪಣ್ಣ ಬೇಕು. ಅವನ ಪರಿಚಯ ನನಗಿಲ್ಲ."

ಆಮೇಲೆ ಬಹಳ ವರ್ಷ ವಕೀಲಿ ಮಾಡಿದೆ. ಎರಡು ದಾರಿಗಳಲ್ಲಿ ಯಾವುದು ಒಳ್ಳೆಯದು ಎಂದು ಕಕ್ಷಿದಾರರು ಕೇಳಿದರೆ ನಾನು ಉತ್ತರ ಕೊಟ್ಟದ್ದಿಲ್ಲ. ಯಾವುದರ ಹಂಬಲವನ್ನು ಸಾಯುವವರೆಗೆ ಹೊರಬಲ್ಲಿರೋ ಅದನ್ನು ಬಿಡಿ ಎಂದಷ್ಟೇ ಹೇಳುತ್ತಿದ್ದೆ.